ಜಗಳೂರಿನ ಪದಗಳು

ಜಗಳೂರು ತಾಲ್ಲೂಕು ನಮ್ಮ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಅಷ್ಟು ದಿನದಲ್ಲಿ ಅಲ್ಲಿಂದ ಬಂದ, ಅಪಾಯ ಸೂಚಿಸುವ ಕೆಂಪು ಸಂದೇಶ ಒಂದೇ ಒಂದು. ಅದನ್ನು ಮೊದಲು ಗಮನಿಸಿದ್ದು ನಾನಲ್ಲ, ನಮ್ಮ ಕಚೇರಿಯ ನರ್ಸ್, ನಾವು ಸಿಸ್ಟರ್ ಎನ್ನುತ್ತಿದ್ದವರು.

“ಅಷ್ಟೊಂದು ಹಳ್ಳಿ ಅವೆ. ಮೂರು ವಾರದಾಗೆ ಒಬ್ಬಳನ್ನ ಬಿಟ್ಟು ಯಾವ ಬಸುರಿಗೂ ಏನೂ ಆಗಿಲ್ಲ ಅಂದ್ರೆ ನಂಬಾಕೆ ಆಗಲ್ಲ ಕಣಮ್ಮ,” ಎಂದರು, ಮುಂದಿದ್ದ ರಿಜಿಸ್ಟರಿನಿಂದ ಕಣ್ಣೆತ್ತದೆ.

“ಏನೂ ಆಗಿಲ್ಲ ಅಂದ್ರೆ ಒಳ್ಳೇದೇ ಅಲ್ವಾ ಸಿಸ್ಟರ್?”

ಅವರು ರಿಜಿಸ್ಟರಿನ ಹಾಳೆ ತಿರುವಿದರು. ಚನ್ನಗಿರಿ ಸುತ್ತಿನ ಹಳ್ಳಿಗಳಲ್ಲಿ ಆಯುಷ್ಯವೆಲ್ಲ ಹೆರಿಗೆ ಮಾಡಿಸಿ ನಿವೃತ್ತರಾಗಿದ್ದ ಹೆಂಗಸು. ನರಳುವ ಬಸುರಿಗಿಂತ ಸುಮ್ಮನೆ ಮಲಗಿರುವ ಬಸುರಿಯನ್ನು ಕಂಡರೆ ಅವರಿಗೆ ಹೆಚ್ಚು ಭಯ ಎಂದು ಒಮ್ಮೆ ಹೇಳಿದ್ದರು. ಅವತ್ತು ಅವರ ಮುಖದಲ್ಲಿ ಇದ್ದದ್ದು ಆ ಭಯವೇ ಎಂದು ನನಗೆ ಹೊಳೆಯಲಿಲ್ಲ. ವಯಸ್ಸಾದವರ ಅನುಮಾನ ಅಂದುಕೊಂಡೆ.

ನಮ್ಮ ಕಚೇರಿ ಹೊನ್ನಾಳಿಯಲ್ಲಿ, ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ. ಎರಡು ಕೋಣೆ, ಮೂವರು ಜನ. ಚಿಕ್ಕ ಟ್ರಸ್ಟೊಂದು ನಡೆಸುತ್ತಿದ್ದ ಕೆಲಸ ಅದು. ಹೊನ್ನಾಳಿ, ಚನ್ನಗಿರಿ, ನ್ಯಾಮತಿ ತಾಲ್ಲೂಕುಗಳ ಹಳ್ಳಿಗಳಲ್ಲಿ ನಮ್ಮ ಕಾರ್ಯಕರ್ತೆಯರಿದ್ದರು. ಅವರು ಬಸುರಿಯರ ಮನೆಗೆ ಹೋಗಿ, ಕಂಡದ್ದನ್ನು ತಮ್ಮದೇ ಮಾತಿನಲ್ಲಿ ಮೊಬೈಲಿನಲ್ಲಿ ಬರೆದು ಕಳಿಸಬೇಕು. ದಿನಕ್ಕೆ ರಾಶಿ ಸಂದೇಶ ಬರುತ್ತಿದ್ದವು. “ಊಟ ಸೇರ್ತೈತೆ”, “ಮಾತ್ರೆ ತಗಂತಾಳೆ”, “ತವರಿಗೆ ಹೋಗ್ಯಾಳೆ” ಎಂಬಂಥವೇ ಹೆಚ್ಚು. ಆ ರಾಶಿಯೊಳಗಿಂದ ಅಪಾಯದ ಮಾತುಗಳನ್ನು ಹುಡುಕಿ ಕೆಂಪು ಬಣ್ಣ ಹಚ್ಚಿ ಸಿಸ್ಟರ್ ಮುಂದೆ ಇಡುವುದು ನಾನು ಬರೆದ ಪ್ರೋಗ್ರಾಂ. ಕೆಂಪು ಕಂಡ ಕೂಡಲೇ ಸಿಸ್ಟರ್ ಆ ಕಾರ್ಯಕರ್ತೆಗೆ ಫೋನ್ ಮಾಡಿ, ಏನು ಮಾಡಬೇಕೆಂದು ಹೇಳಿ, ಗಾಡಿ ಗೊತ್ತು ಮಾಡಿ, ಆಸ್ಪತ್ರೆಗೂ ತಿಳಿಸುತ್ತಿದ್ದರು. ಕೆಂಪಾಗದ ಸಂದೇಶಗಳಿಗೆ “ನಿಮ್ಮ ವರದಿ ತಲುಪಿದೆ, ಧನ್ಯವಾದ” ಎಂಬ ಉತ್ತರ ತಾನಾಗಿಯೇ ಹೋಗುತ್ತಿತ್ತು. ಅವನ್ನು ತಿಂಗಳ ಕೊನೆಗೆ ವರದಿಗಾಗಿ ಒಟ್ಟಿಗೆ ತೆರೆಯುತ್ತಿದ್ದೆವು. ಅಲ್ಲಿಯವರೆಗೆ ಯಾರೂ ಓದುತ್ತಿರಲಿಲ್ಲ.

ನಾನು ಕೆರೆಬಿಳಚಿಯವಳು. ಅವ್ವ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದವಳು. ದಾವಣಗೆರೆಯಲ್ಲಿ ಕಂಪ್ಯೂಟರ್ ಓದಿ, ಎರಡು ವರ್ಷ ಕಾಲೇಜೊಂದರಲ್ಲಿ ಪಾಠ ಮಾಡಿ, ಈ ಕೆಲಸ ಸಿಕ್ಕಾಗ ಹೊನ್ನಾಳಿಗೆ ಬಂದು ರೂಮು ಮಾಡಿದ್ದೆ. ನಾನು ಬರೆದದ್ದು ನಮ್ಮ ಜಿಲ್ಲೆಯ ಹೆಂಗಸರ ಜೀವಕ್ಕೆ ಉಪಯೋಗಕ್ಕೆ ಬರುತ್ತದೆ ಎಂಬ ಹೆಮ್ಮೆ ಇತ್ತು. ಭಾನುವಾರ ಊರಿಗೆ ಹೋದಾಗ ಅವ್ವ ಬುದ್ಧನ ಪಟದ ಮುಂದೆ ದೀಪ ಹಚ್ಚಿ, “ನಿನ್ ಕೈಯಿಂದ ಯಾರಿಗೂ ಕೇಡಾಗದಿರ್ಲಿ” ಎನ್ನುತ್ತಿದ್ದಳು. ಕೇಡು ಮಾಡುವಂಥದ್ದೇನು ನನ್ನ ಕೈಯಲ್ಲಿದೆ ಎಂದು ನಗು ಬರುತ್ತಿತ್ತು.

ಅಪಾಯದ ಮಾತನ್ನು ಪ್ರೋಗ್ರಾಂ ಹುಡುಕುವ ಬಗೆಯನ್ನು ಸ್ವಲ್ಪ ಹೇಳಲೇಬೇಕು. ಕಾಲು ಊದಿಕೊಳ್ಳುವುದನ್ನು ಹೊನ್ನಾಳಿಯಲ್ಲಿ “ಊದೈತೆ” ಎಂದು ಬರೆದರೆ ಚನ್ನಗಿರಿ ಕಡೆ “ಬಾವು ಬಂದೈತೆ” ಎಂದು ಬರೆಯುತ್ತಾರೆ. ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ. ಇವನ್ನೆಲ್ಲ ಒಟ್ಟಿಗೆ ಸೇರಿಸಿ, ಇದು ಅಥವಾ ಅದು ಅಥವಾ ಮತ್ತೊಂದು ಎಂಬ ಅರ್ಥ ಕೊಡುವ ನಿಂತ ಗೆರೆಗಳಿಂದ ಜೋಡಿಸಿ, ಒಂದು ಉದ್ದನೆಯ ಸಾಲು ಮಾಡಬೇಕು. ಅದಕ್ಕೆ ಪ್ಯಾಟರ್ನ್ ಎನ್ನುತ್ತೇವೆ. ನಾವು ಬಳಸುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ, ಆ ಸಾಲನ್ನು ಓದಿ, ಯಂತ್ರಕ್ಕೆ ಬೇಗ ಅರ್ಥವಾಗುವ ತನ್ನದೇ ಸಂಕೇತಗಳಾಗಿ ಒಮ್ಮೆ ಬದಲಾಯಿಸಿ ಇಟ್ಟುಕೊಳ್ಳುತ್ತದೆ. ಅದು ಕಂಪೈಲ್ ಆದ ಪ್ಯಾಟರ್ನ್. ಆ ಸಂಕೇತಗಳನ್ನು ಮನುಷ್ಯರು ಓದಲಾರರು. ಆದ್ದರಿಂದ “ನೀನು ಏನು?” ಎಂದು ಕೇಳಿದರೆ ತೋರಿಸಲಿಕ್ಕೆಂದು, ನಾವು ಮೊದಲು ಕೊಟ್ಟ ಸಾಲನ್ನೂ ಅದರ ಜೊತೆ ಕೊಟ್ಟ ಸೂಚನೆಗಳನ್ನೂ ಲೈಬ್ರರಿ ಪಕ್ಕದಲ್ಲೇ ಜೋಪಾನ ಮಾಡಿರುತ್ತದೆ.

ಆದರೆ ಕೇಳಿದಾಗ ಅದು ಪೂರ್ತಿ ಸಾಲನ್ನು ತೋರಿಸುವುದಿಲ್ಲ. ಸಾಲು ಉದ್ದವಾಗಿದ್ದರೆ ಮೊದಲ ಇನ್ನೂರು ಅಕ್ಷರ ತೋರಿಸಿ ಅಲ್ಲಿಗೇ ಕತ್ತರಿಸುತ್ತದೆ. ಇದು ಯಾರ ತಪ್ಪೂ ಅಲ್ಲ. ಪರದೆಯ ತುಂಬ ಒಂದೇ ಸಾಲು ಹರಡಬಾರದೆಂದು ಮಾಡಿದ ಏರ್ಪಾಡು, ಲೈಬ್ರರಿಯ ಕೈಪಿಡಿಯಲ್ಲಿ ಬರೆದೂ ಇದೆ. ಪೂರ್ತಿ ಬೇಕಾದವರು ಬೇರೆ ರೀತಿ ಕೇಳಬೇಕು. ನಾನು ಪ್ರತಿ ಬೆಳಿಗ್ಗೆ ಕಚೇರಿಗೆ ಬಂದ ತಕ್ಷಣ ಆ ಮೊಟಕು ರೂಪವನ್ನೇ ಪರದೆಗೆ ತಂದು, ಮೊದಲ ಕೆಲವು ಪದ ಕಣ್ಣಿಗೆ ಬಿದ್ದರೆ ಎಲ್ಲ ಸರಿಯಾಗಿದೆ ಎಂದು ಕಾಫಿ ಕುಡಿಯಲು ಇಳಿಯುತ್ತಿದ್ದೆ. ಆ ಇನ್ನೂರು ಅಕ್ಷರಗಳಲ್ಲಿ ಹೊನ್ನಾಳಿಯ ಪದಗಳೇ ಮುಗಿಯುತ್ತಿರಲಿಲ್ಲ.

ಜಗಳೂರನ್ನು ಸೇರಿಸುವ ಮೊದಲು ಅಲ್ಲಿನ ಮಾತು ಕೇಳಿಕೊಂಡು ಬರಲು ಹೋಗಿದ್ದೆ. ತಾಲ್ಲೂಕು ಕೇಂದ್ರದಿಂದ ಆಟೋದಲ್ಲಿ ಅರ್ಧ ಗಂಟೆಯ ಹಳ್ಳಿ. ಅಲ್ಲಿನ ನಮ್ಮ ಹೊಸ ಕಾರ್ಯಕರ್ತೆಗೆ ನಲವತ್ತರ ಆಸುಪಾಸು. ಏಳನೇ ಕ್ಲಾಸಿನವರೆಗೆ ಓದಿದವಳು, ಸ್ವಂತ ಎರಡು ಎಕರೆಯಲ್ಲಿ ಮೆಕ್ಕೆಜೋಳ ಬೆಳೆಯುವವಳು. ಕಟ್ಟೆಯ ಮೇಲೆ ಕೂತು ನಾನು ಕೇಳುತ್ತಾ ಹೋದೆ, ಆಕೆ ಹೇಳುತ್ತಾ ಹೋದಳು.

“ಕಾಲು ಊದಿದ್ರೆ ಏನಂತೀರಿ?”

“ಬೀಗ್ಯಾವೆ ಅಂತೀವಿ. ಮಕ ಬೀಗೈತೆ, ಕಾಲು ಬೀಗ್ಯಾವೆ.”

“ತಲೆ ಸುತ್ತಿದ್ರೆ?”

“ಬವಳಿ ಬಂತು ಅಂತೀವಿ.”

“ಹೊಟ್ಟೇಲಿರೋ ಮಗು ಅಲ್ಲಾಡ್ತಿಲ್ಲ ಅಂದ್ರೆ?”

ಆಕೆ ಆ ಮಾತನ್ನು ಸುಮ್ಮಸುಮ್ಮನೆ ಆಡಬಾರದೆಂಬಂತೆ ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ, “ಕೂಸು ಮಿಸುಕವಲ್ದು ಅಂತೀವ್ರಿ,” ಎಂದಳು. ಆಮೇಲೆ ಕೇಳಿದಳು: “ನಿಮ್ ಮಿಷನ್ನಿಗೆ ನಮ್ ಮಾತು ತಿಳಿತೈತೇನ್ರಿ? ನಾನು ಬರೆಯಾಕೆ ತಪ್ಪು ಭಾಳ ಮಾಡ್ತೀನಿ.”

“ನೀವು ಹೆಂಗೆ ಬರೆದ್ರೂ ತಿಳಿಯುತ್ತೆ. ಬರೆದು ಕಳಿಸಿ, ಫೋನ್ ಹತ್ರಾನೇ ಇರ್ರಿ. ಅರ್ಧ ಗಂಟೆಯೊಳಗೆ ಸಿಸ್ಟರ್ ಫೋನ್ ಬರುತ್ತೆ,” ಎಂದೆ. ಈ ಮಾತನ್ನು ನಾನು ಎಲ್ಲ ಕಾರ್ಯಕರ್ತೆಯರಿಗೂ ಹೇಳುತ್ತಿದ್ದೆ.

ದಾವಣಗೆರೆಗೆ ಹಿಂತಿರುಗುವ ಬಸ್ಸಿನಲ್ಲಿ, ಮಾತು ಇನ್ನೂ ಕಿವಿಯಲ್ಲಿರುವಾಗಲೇ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಪದಗಳನ್ನು ಸೇರಿಸಿದೆ. ಸಾಲಿಗೊಂದು ಪದ. ಹೊನ್ನಾಳಿಯವು, ಚನ್ನಗಿರಿಯವು, ನ್ಯಾಮತಿಯವು, ಕೊನೆಗೆ ಜಗಳೂರಿನವು. ಎಲ್ಲಿ ನ್ಯಾಮತಿ ಮುಗಿದು ಎಲ್ಲಿ ಜಗಳೂರು ಶುರುವಾಗುತ್ತದೆ ಎಂದು ಮುಂದೆ ನನಗೇ ಗೊತ್ತಾಗಲಿ ಎಂದು ನ್ಯಾಮತಿಯ ಕೊನೆಯ ಪದದ ಪಕ್ಕದಲ್ಲಿ # ಚಿಹ್ನೆ ಹಾಕಿ “ಇಲ್ಲಿಂದ ಜಗಳೂರು” ಎಂದು ಬರೆದೆ. ಅಂಥ ಗುರುತು ಹಾಕಿದ್ದು ಅದೇ ಮೊದಲು. ಒಂದೊಂದೇ ಪದವನ್ನು ಬಿಡಿಬಿಡಿಯಾಗಿ ಪರೀಕ್ಷೆ ಮಾಡಿದೆ. ಎಲ್ಲವೂ ಸರಿಯಾಗಿ ಸಿಕ್ಕವು. ದಾವಣಗೆರೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಆಮೇಲಿನದು ಆ ಮೂರು ವಾರ.

ಸಿಸ್ಟರ್ ಬಿಡಲಿಲ್ಲ. ತಮ್ಮ ಅನುಮಾನ ಹೇಳಿದ ಮಾರನೇ ದಿನ ನನ್ನ ಕುರ್ಚಿಯ ಹಿಂದೆ ಬಂದು ನಿಂತು, “ಆ ಪದಗಳು ಎಲ್ಲಿ ಅವೆ ತೋರ್ಸು,” ಎಂದರು. ಮೊಟಕು ರೂಪವನ್ನು ಪರದೆಗೆ ತಂದೆ. ಅವರು ಕನ್ನಡಕ ಏರಿಸಿ, ಬೆರಳಿಟ್ಟು ಓದುತ್ತಾ ಕೊನೆಗೆ ಬಂದರು.

“ಇದೇನಿದು, ‘ಉಸಿರು ಕ’ ಅಂತ ನಿಂತೈತಲ್ಲ? ಕಟ್ಟೈತೆ ಅಂತ ಇರಬೇಕಲ್ವಾ?”

“ತೋರ್ಸೋವಾಗ ಅಷ್ಟೇ ತೋರ್ಸುತ್ತೆ ಸಿಸ್ಟರ್. ಒಳಗೆ ಪೂರ್ತಿ ಇರುತ್ತೆ.”

“ನೀನು ನೋಡೀಯಾ ಒಳಗೆ?”

“ನಾನೇ ಅಲ್ವಾ ಬರೆದಿದ್ದು,” ಎಂದೆ. ದನಿಯಲ್ಲಿ ಸಿಡುಕಿತ್ತು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ತಮ್ಮ ಜಾಗಕ್ಕೆ ಹೋದರು. ಪೂರ್ತಿ ಸಾಲನ್ನು ತೆರೆದು ನೋಡಲು ನನಗೆ ಬೇಕಾಗಿದ್ದುದು ಒಂದು ನಿಮಿಷ. ನೋಡಲಿಲ್ಲ. ಜಗಳೂರಿನಿಂದ ಬಂದಿದ್ದ ಆ ಒಂದು ಕೆಂಪು ಸಂದೇಶ ನನ್ನ ಧೈರ್ಯವಾಗಿತ್ತು. ಜಗಳೂರಿನ ಪದಗಳು ಕೆಲಸ ಮಾಡದಿದ್ದರೆ ಅದು ಹೇಗೆ ಬರುತ್ತಿತ್ತು? ಆ ಸಂದೇಶದಲ್ಲಿ ಇದ್ದದ್ದು ರಕ್ತ ಎಂಬ ಮಾತು. ರಕ್ತಕ್ಕೆ ನಾಲ್ಕೂ ತಾಲ್ಲೂಕಿನಲ್ಲಿ ರಕ್ತ ಎಂದೇ ಅನ್ನುತ್ತಾರೆ, ಅದು ಹೊನ್ನಾಳಿಯ ಪಟ್ಟಿಯಲ್ಲೇ ಇತ್ತು. ಆ ಲೆಕ್ಕ ನನ್ನ ತಲೆಗೆ ಹೋಗಲಿಲ್ಲ.

ಎರಡು ದಿನ ಬಿಟ್ಟು ಸೂಳೆಕೆರೆ ಹತ್ತಿರದ ಹಳ್ಳಿಯೊಂದರಲ್ಲಿ ಚನ್ನಗಿರಿಯ ಕಾರ್ಯಕರ್ತೆಯರ ಸಭೆ ಇತ್ತು. ಬೆಳಿಗ್ಗೆಯೇ ಹೋಗಿದ್ದೆ. ಸಭೆ ಶಾಲೆಯ ಕೋಣೆಯಲ್ಲಿ. ಹನ್ನೊಂದರ ಸುಮಾರಿಗೆ ಚಹಾ ಬಂದಿತ್ತು. ಆಗ ಸಿಸ್ಟರ್ ಫೋನ್ ಬಂತು. ಹೊರಗೆ ಬಂದು ಮಾತಾಡಿದೆ.

“ನಾನು ಇವತ್ತು ಆ ಜಗಳೂರಿನ ಸಂದೇಶಗಳನ್ನೆಲ್ಲ ತೆಗೆದು ಒಂದೊಂದಾಗಿ ಓದಾಕೆ ಕೂತ್ಕಂಡೆ,” ಎಂದರು. ಅವರ ದನಿ ಯಾವತ್ತಿಗಿಂತ ನಿಧಾನವಾಗಿತ್ತು. “ಕೇಳಿಸ್ಕೋ. ಇವತ್ತು ಎಂಟು ಗಂಟೆಗೆ ಬಂದಿರೋದು. ‘ಮಕ ಕಾಲು ಬೀಗ್ಯಾವೆ, ತಲೆ ಸಿಡಿತೈತೆ ಅಂತಾಳೆ.’ ಎಂಟೂ ನಲವತ್ತಕ್ಕೆ ಮತ್ತೆ ಅದೇ. ‘ಮುಕ ಬೀಗಾವೆ, ಕಣ್ಣು ಕತ್ಲೆ ಕಟ್ಟೈತೆ.’ ಒಂಬತ್ತೂವರೆಗೆ ಇನ್ನೊಂದು. ‘ಬವಳಿ ಬರ್ತೈತೆ. ಕೂಸು ಮಿಸುಕವಲ್ದು. ಫೋನ್ ಮಾಡ್ರಿ.’”

ನಾನು ಕೋಣೆಯ ಬಾಗಿಲನ್ನು ಎಳೆದುಕೊಂಡೆ.

“ಮೂರಕ್ಕೂ ಧನ್ಯವಾದ ಅಂತ ಹೋಗೈತೆ,” ಎಂದರು ಸಿಸ್ಟರ್.

ಕಳಿಸಿದ್ದು ಆ ಕಟ್ಟೆಯ ಮೇಲೆ ಕೂತು ನನಗೆ ಪದ ಹೇಳಿಕೊಟ್ಟಿದ್ದ ಕಾರ್ಯಕರ್ತೆ. ಸಿಸ್ಟರ್ ಆಗಲೇ ಆಕೆಗೆ ಫೋನ್ ಮಾಡಿದ್ದರು. ನಮ್ಮ ಫೋನಿಗೆ ಕಾದು ಕಾದು, ಹತ್ತೂವರೆಗೆ ಆಕೆಯೇ ಊರಿನ ಟೊಮೆಟೊ ಸಾಗಿಸುವ ಟೆಂಪೊ ಹಿಡಿದು, ಬಸುರಿಯನ್ನೂ ಬಸುರಿಯ ಗಂಡನನ್ನೂ ಕೂರಿಸಿಕೊಂಡು ಜಗಳೂರಿಗೆ ಹೊರಟಿದ್ದಳು. ದಾರಿಯಲ್ಲಿ ಬಸುರಿಗೆ ಫಿಟ್ಸ್ ಶುರುವಾಗಿತ್ತು. ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ತಲೆ ಹೊಡೆಯದ ಹಾಗೆ ಹಿಡಿದುಕೊಳ್ಳಿ ಎಂದು ಸಿಸ್ಟರ್ ಫೋನಿನಲ್ಲೇ ಹೇಳಿ, ಆಸ್ಪತ್ರೆಗೂ ತಿಳಿಸಿ, ಆಮೇಲೆ ನನಗೆ ಫೋನ್ ಮಾಡಿದ್ದರು.

“ಇನ್ನೂ ಅವೆ ಕಣಮ್ಮ, ಹಿಂದಿನ ವಾರದವು. ನೀನು ಬೇಗ ನೋಡು,” ಎಂದು ಫೋನಿಟ್ಟರು.

ಸಭೆಗೆ ವಾಪಸ್ ಹೋಗಲಿಲ್ಲ. ಶಾಲೆಯ ಹಿಂದೆ ಕೆರೆಯ ಏರಿಯ ಕಲ್ಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು. ಮೀನುಗಾರರ ತೆಪ್ಪವೊಂದು ನಿಂತಲ್ಲೇ ನಿಂತಿತ್ತು. ಪಾಸ್‌ವರ್ಡ್ ಎರಡು ಸಲ ತಪ್ಪಿತು. ಕಂಪೈಲ್ ಆದ ಪ್ಯಾಟರ್ನ್‌ಗೆ ಅದರ ಪೂರ್ತಿ ಸಾಲನ್ನು ಕೊಡು ಎಂದು ಕೇಳಿದೆ. ಕೊಟ್ಟಿತು. ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮಡಚಿಕೊಂಡು ಇಳಿಯುತ್ತಾ ಹೋದ ಆ ಸಾಲಿನಲ್ಲಿ ಎಲ್ಲ ಪದಗಳೂ ಇದ್ದವು. ಬೀಗ, ಬವಳಿ, ಸಿಡಿತ, ಮಿಸುಕವಲ್ದು. ಒಂದೂ ಕಳೆದುಹೋಗಿರಲಿಲ್ಲ. ಅವುಗಳ ಮುಂದೆ ನಾನು ಬಸ್ಸಿನಲ್ಲಿ ಹಾಕಿದ ಗುರುತು ಇತ್ತು: # ಇಲ್ಲಿಂದ ಜಗಳೂರು.

ಸಾಲಿನ ಜೊತೆಗೆ ಕೊಟ್ಟಿದ್ದ ಸೂಚನೆಯನ್ನು ಕೇಳಿ ನೋಡಿದೆ. ಕೆಲಸ ಶುರು ಮಾಡಿದ ಹೊಸತರಲ್ಲಿ, ಪ್ಯಾಟರ್ನ್ ಬರೆಯುವಾಗ ನಡುನಡುವೆ ಜಾಗ ಬಿಟ್ಟು ಅಂದವಾಗಿ ಬರೆಯಲು ಅನುಕೂಲವಾಗಲಿ ಎಂದು ನಾನೇ ಒಂದು ಸೂಚನೆ ಕೊಟ್ಟಿದ್ದೆ. ಆ ಸೂಚನೆ ಇದ್ದರೆ ಲೈಬ್ರರಿ # ಕಂಡಲ್ಲಿಂದ ಸಾಲಿನ ಕೊನೆಯವರೆಗೆ ಇರುವುದನ್ನೆಲ್ಲ ಬರೆದವರ ಟಿಪ್ಪಣಿ ಎಂದು ತಿಳಿದು ಬಿಟ್ಟುಬಿಡುತ್ತದೆ. ಫೈಲಿನಲ್ಲಿ ಸಾಲಿಗೊಂದು ಪದ ಇತ್ತು, ನಿಜ. ಆದರೆ ನನ್ನ ಪ್ರೋಗ್ರಾಂ ಕಂಪೈಲ್ ಮಾಡುವ ಮುಂಚೆ ಅವನ್ನೆಲ್ಲ ಒಂದೇ ಸಾಲಾಗಿ ಜೋಡಿಸುತ್ತಿತ್ತು. ಹಾಗಾಗಿ ನಾನು ಗುರುತು ಹಾಕಿದ ಜಾಗದಿಂದ ಆಚೆಗೆ ಇದ್ದ ಇಡೀ ಜಗಳೂರು ಟಿಪ್ಪಣಿಯಾಗಿತ್ತು. ಬಿಡಿಬಿಡಿಯಾಗಿ ಪರೀಕ್ಷಿಸಿದಾಗ ಎಲ್ಲ ಪದವೂ ಸಿಕ್ಕಿದ್ದು ಅವು ಬಿಡಿಯಾಗಿದ್ದುದರಿಂದ.

ಬೆಳಗಿನ ಮೂರು ಸಂದೇಶಗಳನ್ನು ಒಂದೊಂದಾಗಿ ಕೊಟ್ಟು ನೋಡಿದೆ. ಇಲ್ಲ. ಇಲ್ಲ. ಇಲ್ಲ. ಆ ಚಿಹ್ನೆ ಅಳಿಸಿ ಮತ್ತೆ ಕೊಟ್ಟೆ. ಮೂರೂ ಕೆಂಪಾದವು.

ಆಮೇಲೆ ಮೂರು ವಾರದ ಹಳೆಯ ಸಂದೇಶಗಳನ್ನೆಲ್ಲ ಅದರ ಮೇಲೆ ಹಾಯಿಸಿದೆ. ಕೆಂಪು ಸಾಲು ಒಂದರ ಕೆಳಗೊಂದು ಬರುತ್ತಲೇ ಹೋದವು. ನಿಲ್ಲುತ್ತದೆ ಅಂದುಕೊಂಡಾಗ ಮತ್ತೊಂದು. ಪ್ರತಿ ಸಾಲಿನ ತುದಿಯಲ್ಲಿ ನಮ್ಮ ಧನ್ಯವಾದ. ಶಾಲೆಯ ಕೋಣೆಯೊಳಗೆ ಹೆಂಗಸರು ಏನಕ್ಕೋ ಗಟ್ಟಿಯಾಗಿ ನಗುತ್ತಿದ್ದದ್ದು ಏರಿಯವರೆಗೂ ಕೇಳಿಸುತ್ತಿತ್ತು.

ನಾನು ಅಲ್ಲಿಂದ, ಸಿಸ್ಟರ್ ಹೊನ್ನಾಳಿಯಿಂದ, ಪಟ್ಟಿಯನ್ನು ಮೇಲಿನಿಂದ ಒಬ್ಬರು ಕೆಳಗಿನಿಂದ ಒಬ್ಬರು ಹಂಚಿಕೊಂಡು ಫೋನ್ ಮಾಡುತ್ತಾ ಹೋದೆವು. “ಅಯ್ಯೋ, ಅದು ಹೋದ ವಾರದ್ದಲ್ವೇನ್ರೀ. ನೀವು ಫೋನ್ ಮಾಡ್ಲಿಲ್ಲ, ನಾವೇ ಕರ್ಕಂಡ್ ಹೋಗಿ ತೋರ್ಸ್ಕಂಡ್ ಬಂದ್ವಿ,” ಎಂದಳು ಒಬ್ಬಳು. ಇನ್ನೊಬ್ಬಳು, “ಹೆರಿಗೆ ಆಯ್ತು, ಗಂಡು. ಚೆನ್ನಾಗೈತೆ,” ಎಂದಳು. ಅವರೆಲ್ಲ ನಾವು ಇಲ್ಲದ ಕಾಲದಲ್ಲಿ ಮಾಡುತ್ತಿದ್ದುದನ್ನೇ ಮಾಡಿದ್ದರು. ನಮ್ಮನ್ನು ಅಷ್ಟಾಗಿ ನಂಬಿರಲಿಲ್ಲ, ಅದರಿಂದಲೇ ಬಸುರಿಯರು ಉಳಿದಿದ್ದರು. ಮಧ್ಯಾಹ್ನದ ಹೊತ್ತಿಗೆ ಒಬ್ಬಳನ್ನು ಬಿಟ್ಟು ಎಲ್ಲರ ಸುದ್ದಿ ಸಿಕ್ಕಿತ್ತು. ಆ ಒಬ್ಬಳ ಊರಿನ ಕಾರ್ಯಕರ್ತೆಯ ಫೋನ್ ಬಂದ್ ಆಗಿತ್ತು. ಆ ಬಸುರಿ ತವರಿನಲ್ಲಿ ಸುಖವಾಗಿದ್ದಾಳೆ ಎಂದು ತಿಳಿಯಲು ಎರಡು ದಿನ ಹಿಡಿಯಿತು.

ಟೆಂಪೊದಲ್ಲಿ ಹೋದವಳನ್ನು ಜಗಳೂರಿನಿಂದ ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಸಾಗಿಸಿದರು. ತಾಯಿ ಉಳಿದಳು. ಮಗು, ಹೆಣ್ಣು, ಹೊಟ್ಟೆಯಲ್ಲೇ ಹೋಗಿತ್ತು. ಎಂಟು ಗಂಟೆಗೇ ಹೊರಟಿದ್ದರೆ ಉಳಿಯುತ್ತಿತ್ತೇ ಎಂದು ಸಿಸ್ಟರ್ ಅಲ್ಲಿನ ಡಾಕ್ಟರನ್ನು ಕೇಳಿದರಂತೆ. ಹೇಳಲಾಗದು ಎಂದರಂತೆ ಅವರು. ಉಳಿಯುತ್ತಿತ್ತು ಎಂದಿದ್ದರೆ ಅಳಬಹುದಿತ್ತು, ಉಳಿಯುತ್ತಿರಲಿಲ್ಲ ಎಂದಿದ್ದರೆ ಉಸಿರಾಡಬಹುದಿತ್ತು. ಎರಡೂ ಇಲ್ಲ.

ನಮ್ಮ ಕಚೇರಿಯ ಮೂರನೆಯವರು ಮೇಲ್ವಿಚಾರಕರು. ಕೆಟ್ಟವರಲ್ಲ. ವಿಷಯ ಕೇಳಿ, “ವರದಿಯಾಗೆ ತಾಂತ್ರಿಕ ಅಡಚಣೆ ಅಂತ ಬರೀರಿ, ಸಾಕು. ಸುಳ್ಳೇನಲ್ಲ ಅದು,” ಎಂದರು.

“ಅಡಚಣೆ ಎಲ್ಲಿತ್ತು ಸಾರ್? ಲೈಬ್ರರಿ ನಾನು ಹೇಳಿದ್ದನ್ನೇ ಮಾಡಿದೆ,” ಎಂದೆ.

“ಬರೆದ್ರೆ ನಿಮ್ ಕೆಲ್ಸ ಹೋಗಬಹುದು.”

ನಾನು ಬರೆದೆ. ಯಾವ ದಿನ, ಎಲ್ಲಿ ಕೂತು, ಯಾವ ಚಿಹ್ನೆಯನ್ನು ಎಲ್ಲಿ ಹಾಕಿದೆ, ಸಿಸ್ಟರ್ ಕೇಳಿದಾಗ ಏನು ಉತ್ತರ ಕೊಟ್ಟೆ, ಎಲ್ಲವನ್ನೂ. ಅವರು ಓದಿ, ತುಟಿ ಕಚ್ಚಿ, ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಮೇಲಿನಿಂದ ಇವತ್ತಿನವರೆಗೂ ಒಂದು ಪ್ರಶ್ನೆ ಬಂದಿಲ್ಲ. ವರದಿ ತಲುಪಿದೆ ಎಂಬ ಒಂದು ಸಾಲಿನ ಉತ್ತರ ಮಾತ್ರ ಬಂತು.

ಹದಿನೈದು ದಿನ ಕಳೆದ ಮೇಲೆ ಜಗಳೂರಿಗೆ ಹೋದೆ. ಸಿಸ್ಟರ್ ತಾವೂ ಬರುತ್ತೇನೆಂದರು, ಬೇಡವೆಂದೆ. ಕಾರ್ಯಕರ್ತೆಯ ಮನೆಯ ಮುಂದೆ ಮೆಕ್ಕೆಜೋಳದ ತೆನೆ ರಾಶಿ ಬಿದ್ದಿತ್ತು. ಆಕೆ ಅದರ ಪಕ್ಕದಲ್ಲಿ ಕೂತು ಸಿಪ್ಪೆ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು, ಚಾಪೆ ಹಾಸಿ, ನೀರು ತಂದುಕೊಟ್ಟಳು.

ಮತ್ತೆ ಕೂತು ತೆನೆಯೊಂದನ್ನು ಕೈಗೆತ್ತಿಕೊಂಡು ಆಕೆಯೇ ಶುರು ಮಾಡಿದಳು. “ನಾನೇ ತಪ್ಪು ಬರ್ದೀನಿ ಅಂದ್ಕಂಡೇನ್ರಿ ಅವತ್ತು. ಮೊದ್ಲು ಮಕ ಅಂತ ಬರ್ದೆ. ಧನ್ಯವಾದ ಅಂತ ಬಂತು. ಓ, ಮಕ ಅಂದ್ರೆ ಅದಕ್ಕೆ ತಿಳಿವಲ್ದು ಅಂತ ಮುಕ ಅಂತ ಬರ್ದೆ. ಅದಕ್ಕೂ ಧನ್ಯವಾದ. ಬೀಗ್ಯಾವೆ ಅನ್ನೋದು ತಪ್ಪೈತೇನೋ ಅಂತ ಮೂರ್ನೇದ್ರಾಗೆ ಅದನ್ನೇ ಬಿಟ್ಟೆ. ನಾಕನೇದು ಹೆಂಗೆ ಬರೀಲಿ ಅಂತ ಯೋಚ್ನೆ ಮಾಡ್ತಾ ಕೂತಿದ್ದೆ. ಆಗ ಆಕಿ ಕಣ್ಣು ಮ್ಯಾಲೆ ಹೋಗಾಕೆ ಶುರುವಾತು. ನಾನು ಕಲ್ತಿದ್ರೆ ಇಷ್ಟು ಹೊತ್ತು ಹಿಡೀತಿರ್ಲಿಲ್ಲ.”

“ನೀವು ಬರೆದಿದ್ದು ಮೂರೂ ಸರಿ ಇದ್ವು,” ಎಂದೆ. “ತಪ್ಪು ಮಾಡಿದ್ದು ನಾನು. ನೀವು ಹೇಳಿದ ಪದಗಳನ್ನ ಬರ್ಕೊಂಡೆ. ಬರ್ಕೊಂಡು ಅವನ್ನ ಓದಬೇಡ ಅಂತ ಮಿಷನ್ನಿಗೆ ಹೇಳ್ದಂಗೆ ಮಾಡಿಬಿಟ್ಟೆ. ಗೊತ್ತಿಲ್ದಂಗೆ ಆಯ್ತು. ಆದ್ರೆ ಸಿಸ್ಟರ್ ಕೇಳಿದ್ರು, ನಾನು ನೋಡ್ಲಿಲ್ಲ.”

ಆಕೆ ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟಳು. ಬೈಯಲಿ ಎಂದು ಕಾದೆ. ಆಕೆ ಎದ್ದು, “ಬರ್ರಿ,” ಎಂದಳಷ್ಟೇ.

ನಾಲ್ಕು ಮನೆ ದಾಟಿ ಆ ತಾಯಿಯ ಮನೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಗೋಡೆಗೆ ಒರಗಿ ಕೂತಿದ್ದಳು. ಮುಖದ ಊತ ಇಳಿದಿತ್ತು. ತಲೆಗೆ ಬಟ್ಟೆ ಕಟ್ಟಿದ್ದರು. ಗಂಡ ಕೂಲಿಗೆ ಹೋಗಿದ್ದ. ಕಾರ್ಯಕರ್ತೆ ನಾನು ಯಾರೆಂದು ಹೇಳಿ, ನಾನು ಹೇಳಿದ್ದನ್ನು ತನ್ನ ಮಾತಿನಲ್ಲಿ ಆ ಹುಡುಗಿಗೆ ಮತ್ತೆ ಹೇಳಿದಳು. ಏನನ್ನೂ ಬಿಡಲಿಲ್ಲ, ಏನನ್ನೂ ಹೆಚ್ಚು ಮಾಡಲಿಲ್ಲ. ನಾನು ಹೊಸ್ತಿಲ ಬಳಿ ನಿಂತೇ ಇದ್ದೆ.

ಹುಡುಗಿ ಎಲ್ಲ ಕೇಳಿಸಿಕೊಂಡು, “ಹಂಗಾದ್ರೆ ನಮ್ಮ ಸುದ್ದಿ ನಿಮ್ ಹತ್ರ ಬಂದಿತ್ತು?” ಎಂದಳು.

“ಬಂದಿತ್ತು.”

“ಯಾರೂ ನೋಡ್ಲಿಲ್ಲ.”

“ಇಲ್ಲ.”

ಆಕೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಅತ್ತಳೋ ಇಲ್ಲವೋ ನನಗೆ ಕಾಣಲಿಲ್ಲ. ಒಳಗಿನಿಂದ ಅತ್ತೆ ಬಂದು, ನನ್ನ ಕಡೆ ನೋಡದೆ, “ಸಾಕು, ಹೋಗ್ರಿ ಇನ್ನು,” ಎಂದಳು. ಕ್ಷಮಿಸಿ ಎನ್ನಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ಆ ಮನೆಯಲ್ಲಿ ಆ ಮಾತನ್ನು ಇಟ್ಟುಕೊಳ್ಳಲು ಜಾಗವಿರಲಿಲ್ಲ.

ನನ್ನ ಕೆಲಸ ಹೋಗಲಿಲ್ಲ. ಬಿಡೋಣವೆಂದು ನಾನೇ ಎರಡು ಸಲ ಕಾಗದ ಬರೆದೆ. “ನೀನು ಬಿಟ್ರೆ ಇನ್ನೊಬ್ರು ಬರ್ತಾರೆ. ಅವರಿಗೆ ಇದೆಲ್ಲ ಗೊತ್ತಿರಲ್ಲ,” ಎಂದು ಸಿಸ್ಟರ್ ಎರಡು ಸಲವೂ ಅದನ್ನು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಈಗ ಪ್ರೋಗ್ರಾಂ ಶುರುವಾಗುವಾಗಲೆಲ್ಲ ಪೂರ್ತಿ ಸಾಲನ್ನೂ ಅದರ ಸೂಚನೆಗಳನ್ನೂ ಕತ್ತರಿಸದೆ ಬರೆದಿಡುತ್ತದೆ. ಪ್ರತಿ ತಾಲ್ಲೂಕಿನ ಒಂದೊಂದು ಪದವನ್ನು ಜೋಡಿಸಿದ ಸಾಲಿನ ಮೇಲೆಯೇ ಪರೀಕ್ಷಿಸುತ್ತದೆ, ಒಂದು ತಪ್ಪಿದರೂ ಮುಂದೆ ಹೋಗದೆ ನಿಲ್ಲುತ್ತದೆ. ಧನ್ಯವಾದದ ಉತ್ತರವನ್ನು ತೆಗೆದುಹಾಕಿದೆ. ಕೆಂಪಾಗದ ಸಂದೇಶಗಳನ್ನು ದಿನವೂ ಸಂಜೆ ನಾಲ್ಕಕ್ಕೆ ನಾವಿಬ್ಬರೂ ಕೂತು ಓದುತ್ತೇವೆ. ಆದರೂ ಯಾವುದಾದರೂ ತಾಲ್ಲೂಕು ಎರಡು ದಿನ ಸುಮ್ಮನಿದ್ದರೆ ಅಲ್ಲಿನ ಕಾರ್ಯಕರ್ತೆಯರಿಗೆ ನಾನೇ ಫೋನ್ ಮಾಡುತ್ತೇನೆ.

ಜಗಳೂರಿನ ಆ ಕಾರ್ಯಕರ್ತೆ ನಮ್ಮ ಜೊತೆಗೇ ಇದ್ದಾಳೆ. ನಾನು ಹೋಗಿದ್ದ ದಿನ ಬಸ್ಸಿನವರೆಗೆ ನನ್ನ ಜೊತೆ ಬಂದು ನಿಂತಿದ್ದಳು. ಈಗಲೂ ಆಕೆ ಪ್ರತಿ ಸಂದೇಶವನ್ನೂ ಮೂರು ಸಲ ಕಳಿಸುತ್ತಾಳೆ. ಮಕ ಎಂದು ಒಮ್ಮೆ, ಮುಕ ಎಂದು ಒಮ್ಮೆ, ಮುಖ ಎಂದು ಒಮ್ಮೆ. ಊಟ ಸೇರುತ್ತಿದೆ ಎಂಬ ಸುದ್ದಿಯಾದರೂ ಅಷ್ಟೇ. ಹೋದ ವಾರ ಫೋನ್ ಮಾಡಿ, “ಒಂದು ಸಲ ಬರೆದ್ರೆ ಸಾಕು, ಈಗ ಸರಿಯಾಗಿದೆ, ನಾನೇ ನೋಡ್ತೀನಿ,” ಎಂದೆ.

“ಇರ್ಲಿ ಬಿಡ್ರಿ,” ಎಂದಳು.